ವಾಚಿಗೊಂದು ನಡತೆ ಪ್ರಮಾಣಪತ್ರ

ಕಳೆದ ಡಿಸೆಂಬರ್‌ನಲ್ಲಿ ಒಂದು ಅನುವಾದದ ಕೆಲಸ ಬಂತು. ದುಬಾರಿ ಮೆಕ್ಯಾನಿಕಲ್ ವಾಚುಗಳನ್ನು ಮಾರುವವರ ಕೈಪಿಡಿ. ಇಂಗ್ಲಿಷಿನಿಂದ ಕನ್ನಡಕ್ಕೆ, ಒಂಬತ್ತು ಪುಟ. ಅದರಲ್ಲಿದ್ದ ಅತಿ ಅಗ್ಗದ ವಾಚಿನ ಬೆಲೆಗೆ ನಮ್ಮ ಡೊಂಬಿವಲಿಯ ಮನೆಯ ಎರಡು ವರ್ಷದ ಬಾಡಿಗೆ ಕಟ್ಟಬಹುದಿತ್ತು. ನನಗೆ ಸಿಗುವ ಸಂಭಾವನೆಯಲ್ಲಿ ಅಂಥದೊಂದು ವಾಚಿನ ಪಟ್ಟಿಯ ಕೊಂಡಿಯೂ ಬರುತ್ತಿರಲಿಲ್ಲ. ಇರಲಿ, ಅನುವಾದಕರಿಗೆ ಇದು ಹೊಸತಲ್ಲ. ನಾನು ಸಿಕ್ಕಿಬಿದ್ದದ್ದು ಬೆಲೆಯಲ್ಲಲ್ಲ, ಒಂದು ಪುಟ್ಟ ಪದದಲ್ಲಿ.

ಆ ಕೈಪಿಡಿಯ ನಾಲ್ಕನೆಯ ಪುಟದಲ್ಲಿ ಪ್ರಮಾಣೀಕರಣದ ವಿಷಯವಿತ್ತು. ಇಂತಿಂಥ ವಾಚು ಸ್ವಿಟ್ಜರ್ಲೆಂಡಿನ ಕಾಸ್ಕ್ ಸಂಸ್ಥೆಯಿಂದ ಪರೀಕ್ಷೆಗೊಳಗಾಗಿ 'ಕ್ರೋನೋಮೀಟರ್' ಎಂಬ ಹೆಸರು ಪಡೆದಿದೆ, ಅದರ 'ಡೈಲಿ ರೇಟ್' ಇಷ್ಟರಿಂದ ಇಷ್ಟರೊಳಗಿದೆ ಎಂದು. ರೇಟ್ ಎಂದರೆ ಏನೆಂದು ಬರೆಯಲಿ? ನಿಘಂಟು 'ದರ' ಅನ್ನುತ್ತದೆ. 'ದೈನಂದಿನ ದರ' ಎಂದು ಬರೆದರೆ ಕಲ್ಯಾಣದ ಎಪಿಎಂಸಿಯಲ್ಲಿ ಟೊಮೆಟೊ ಬೆಲೆ ಕೇಳಿದ ಹಾಗಿರುತ್ತದೆ. ಇಂಗ್ಲಿಷ್ ಕೈಕೊಟ್ಟಾಗ ಮೂಲದ ಕಡೆಗೆ ಹೋಗುವುದು ನನ್ನ ಅಭ್ಯಾಸ. ವಾಚಿನವರ ಮೂಲಭಾಷೆ ಫ್ರೆಂಚ್. ಅಲ್ಲಿ ಈ ಪದ 'ಮಾರ್ಶ್', ಅಂದರೆ ನಡಿಗೆ. ವೇಧಶಾಲೆಗಳು ವಾಚನ್ನು ಪರೀಕ್ಷಿಸಿ ಕೊಡುತ್ತಿದ್ದ ಪತ್ರಕ್ಕೆ 'ಬುಲ್ತ್ಯಾಂ ದ ಮಾರ್ಶ್' ಎಂದೇ ಹೆಸರು: ನಡೆಯ ವರದಿ.

ಕನ್ನಡದಲ್ಲಿ ನಡೆ ಅಂದರೆ ಕಾಲಿನ ನಡಿಗೆಯೂ ಹೌದು, ಬದುಕಿನ ನಡತೆಯೂ ಹೌದು. ಶಾಲೆ ಬಿಡುವಾಗ ಹೆಡ್‌ಮಾಸ್ತರರು ನಮಗೆಲ್ಲ ಒಂದು ನಡತೆ ಪ್ರಮಾಣಪತ್ರ ಕೊಟ್ಟಿದ್ದು ನೆನಪಿದೆಯಲ್ಲ? ವಾಚಿಗೆ ಕೊಡುವುದೂ ಅದನ್ನೇ ಎಂದು ಆ ರಾತ್ರಿ ನನಗೆ ಹೊಳೆಯಿತು. ವಾಚು ಸರಿಯಾದ ಸಮಯ ತೋರಿಸುತ್ತದೆ ಎಂದು ಅದು ಹೇಳುವುದಿಲ್ಲ. ಪರೀಕ್ಷಕರ ಕಣ್ಣೆದುರು ಇಷ್ಟು ದಿನ ಇದು ಹೀಗೆ ನಡೆದುಕೊಂಡಿತು ಎಂದಷ್ಟೇ ಹೇಳುತ್ತದೆ.

ಈ ವ್ಯತ್ಯಾಸ ಸಣ್ಣದಲ್ಲ. ಹಡಗಿನವರಿಗೆ ಇದು ಜೀವದ ಪ್ರಶ್ನೆಯಾಗಿತ್ತು. ನಡುಗಡಲಿನಲ್ಲಿ ತಾನು ಎಷ್ಟು ಪೂರ್ವಕ್ಕೋ ಪಶ್ಚಿಮಕ್ಕೋ ಬಂದಿದ್ದೇನೆ ಎಂದು ತಿಳಿಯಲು ನಾವಿಕನಿಗೆ ಹೊರಟ ಊರಿನ ಗಂಟೆ ಗೊತ್ತಿರಬೇಕು. ಸೂರ್ಯನಿಂದ ಸಿಗುವ ಸ್ಥಳೀಯ ಗಂಟೆಗೂ ಅದಕ್ಕೂ ಇರುವ ಅಂತರವೇ ರೇಖಾಂಶ. ಒಂದು ನಿಮಿಷ ತಪ್ಪಿದರೆ ಸಮಭಾಜಕದ ಹತ್ತಿರ ಸುಮಾರು 28 ಕಿಲೋಮೀಟರ್ ತಪ್ಪುತ್ತದೆ. ಇಲ್ಲೇ ಒಂದು ಜಾಣತನವಿದೆ. ಹಡಗಿನ ಗಡಿಯಾರ ದಿನಕ್ಕೆ 4 ಸೆಕೆಂಡು ಮುಂದೋಡಿದರೆ ತೊಂದರೆಯಿಲ್ಲ, ಪ್ರತಿದಿನವೂ ಅದೇ 4 ಸೆಕೆಂಡು ಓಡಬೇಕು ಅಷ್ಟೆ. ತಪ್ಪು ಗೊತ್ತಿದ್ದರೆ ಕಳೆದು ಲೆಕ್ಕ ಹಾಕಬಹುದು. ಇವತ್ತು 4 ಮುಂದೆ, ನಾಳೆ 3 ಹಿಂದೆ ಅನ್ನುವ ಗಡಿಯಾರ ಸರಾಸರಿಯಲ್ಲಿ ಎಷ್ಟು ಸರಿಯಿದ್ದರೂ ಹಡಗನ್ನು ಬಂಡೆಗೆ ಬಡಿಸುತ್ತದೆ.

ಬ್ರಿಟಿಷ್ ಸಂಸತ್ತು 1714ರಲ್ಲಿ ರೇಖಾಂಶಕ್ಕೆ 20,000 ಪೌಂಡ್ ಬಹುಮಾನ ಇಟ್ಟಿದ್ದೂ, ಬಡಗಿಯ ಮಗ ಜಾನ್ ಹ್ಯಾರಿಸನ್ ಅದಕ್ಕಾಗಿ ಜೀವಮಾನ ಸವೆಸಿದ್ದೂ ಎಷ್ಟೋ ಕಡೆ ಓದಿರುತ್ತೀರಿ. ಆ ಕಥೆಯಲ್ಲಿ ಕಡಿಮೆ ಚರ್ಚೆಯಾಗುವ ತುಣುಕು ನನಗೆ ಮುಖ್ಯ. ಜಮೈಕಾದ ಪ್ರಯಾಣದಲ್ಲಿ ಹ್ಯಾರಿಸನ್ನನ ನಾಲ್ಕನೆಯ ಗಡಿಯಾರ ಲೆಕ್ಕದಿಂದ ತಪ್ಪಿದ್ದು 5 ಸೆಕೆಂಡಿನಷ್ಟು. ಆದರೂ ಮಂಡಳಿಗೆ ನಂಬಿಕೆ ಬರಲಿಲ್ಲ. ಬಾರ್ಬಡೋಸ್‌ಗೆ ಇನ್ನೊಂದು ಪ್ರಯಾಣವಾಯಿತು. ಅದೂ ಸಾಲದೆ 1766ರಲ್ಲಿ ಗಡಿಯಾರವನ್ನು ಗ್ರೀನಿಚ್ ವೇಧಶಾಲೆಯಲ್ಲಿ ಹತ್ತು ತಿಂಗಳು ಇಟ್ಟು ಪರೀಕ್ಷಿಸಿದರು. ಪರೀಕ್ಷಕ ರಾಜಜ್ಯೋತಿರ್ವಿದ ನೆವಿಲ್ ಮ್ಯಾಸ್ಕಲಿನ್. ಈತ ಚಂದ್ರನನ್ನು ನೋಡಿ ರೇಖಾಂಶ ಕಂಡುಹಿಡಿಯುವ ವಿಧಾನದ ಪ್ರತಿಪಾದಕ, ಅಂದರೆ ಗಡಿಯಾರದ ಎದುರಾಳಿ. ವರದಿ ಕೆಟ್ಟದಾಗಿ ಬಂತು, ಹ್ಯಾರಿಸನ್ ಕೂಗಾಡಿದ. ಮ್ಯಾಸ್ಕಲಿನ್ ಅಪ್ರಾಮಾಣಿಕನಾಗಿದ್ದ ಎಂದು ನಾನು ಹೇಳುತ್ತಿಲ್ಲ. ಆದರೆ ಗಡಿಯಾರದ ನಡತೆ ಪತ್ರಕ್ಕೆ ಹುಟ್ಟಿನಿಂದಲೇ ಅಂಟಿಕೊಂಡ ಪ್ರಶ್ನೆ ಇದು: ಬರೆಯುವವರು ಯಾರು?

ಈ ಸರಕಿನ ಒಂದು ತುದಿ ನಮ್ಮ ಮುಂಬಯಿಗೂ ಬಂದಿತ್ತು. ಕೊಲಾಬಾದಲ್ಲಿ ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ವೇಧಶಾಲೆ ಕಟ್ಟಿಸಿದ್ದು ನಕ್ಷತ್ರಗಳ ಮೇಲಿನ ಪ್ರೀತಿಯಿಂದಲ್ಲ. ಬಂದರಿಗೆ ಬರುವ ಹಡಗುಗಳಿಗೆ ನಂಬಬಹುದಾದ ಗಂಟೆ ಕೊಡಲು. ದೂರದಿಂದ ಬಂದ ಹಡಗು ಮತ್ತೆ ಲಂಗರು ಎತ್ತುವ ಮೊದಲು ತನ್ನ ಕ್ರೋನೋಮೀಟರ್ ಎಷ್ಟು ಓಡಿದೆ, ಎಷ್ಟು ಕುಂಟಿದೆ ಎಂದು ತಿಳಿದುಕೊಳ್ಳಬೇಕಿತ್ತು. ಆಮೇಲೆ ಈ ವೇಧಶಾಲೆ ಭೂಕಾಂತತ್ವದ ಅಧ್ಯಯನಕ್ಕೆ ಹೆಸರಾಯಿತು. ಪಟ್ಟಣಕ್ಕೆ ವಿದ್ಯುತ್ ಟ್ರಾಮ್ ಬರುತ್ತದೆ, ಕಾಂತಸೂಜಿ ಕೆಡುತ್ತದೆ ಎಂದು 1904ರಲ್ಲಿ ಆ ಕೆಲಸವನ್ನು ಅಲಿಬಾಗಿಗೆ ಒಯ್ದರು.

ಹಡಗಿನವರಿಗೆ ಅಷ್ಟು ನಿಖರ ಗಂಟೆ ಕೊಟ್ಟ ಊರು ತನ್ನ ಗಂಟೆಯ ವಿಷಯದಲ್ಲಿ ಮಾತ್ರ ಜಗಳಗಂಟಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಬಂತು. ರೈಲು ಬೆಳೆದಂತೆ ಅದಕ್ಕೆ ಮದ್ರಾಸ್ ವೇಧಶಾಲೆಯ ಗಂಟೆ ಬಂತು. ಮುಂಬಯಿಯ ಸ್ವಂತ ಗಂಟೆ ಅದಕ್ಕಿಂತ ಅರ್ಧ ತಾಸು ಹಿಂದೆ. 1881ರಲ್ಲಿ ಗವರ್ನರ್ ಫರ್ಗ್ಯುಸನ್ ಮದ್ರಾಸ್ ಗಂಟೆಯನ್ನು ಊರಿಗೂ ಹೇರಲು ಹೋಗಿ ಕೈ ಸುಟ್ಟುಕೊಂಡರು. 1906ರಲ್ಲಿ ಇಡೀ ದೇಶಕ್ಕೆ ಒಂದೇ ಗಂಟೆ ಬಂದ ಮೇಲೂ, 39 ನಿಮಿಷ ಹಿಂದಿದ್ದ 'ಬಾಂಬೆ ಟೈಮ್' ಅನ್ನು ಇಲ್ಲಿನ ಮಹಾನಗರಪಾಲಿಕೆ 1955ರವರೆಗೂ ಬಿಡಲಿಲ್ಲ. ಅಂದರೆ ಅಷ್ಟೂ ವರ್ಷ ನಿಮ್ಮ ಕೈಯಲ್ಲಿ ಎಂಥ ಪ್ರಮಾಣಪತ್ರದ ವಾಚಿದ್ದರೂ 'ಸರಿಯಾದ ಸಮಯ ಎಷ್ಟು' ಅನ್ನುವುದಕ್ಕೆ ಈ ಊರಲ್ಲಿ ಎರಡು ಉತ್ತರವಿತ್ತು. ವಾಚಿನ ಪತ್ರ ಸಮಯದ ಬಗ್ಗೆ ಮಾತಾಡದೆ ನಡೆಯ ಬಗ್ಗೆ ಮಾತ್ರ ಮಾತಾಡುವುದು ಎಷ್ಟು ವಿವೇಕ ನೋಡಿ.

ಹಡಗಿನಿಂದ ಈ ಪರೀಕ್ಷೆ ಜೇಬಿಗೆ, ಜೇಬಿನಿಂದ ಮಣಿಕಟ್ಟಿಗೆ ಇಳಿಯಿತು. ಇಂಗ್ಲೆಂಡಿನ ಕ್ಯೂ ವೇಧಶಾಲೆ 1884ರಿಂದ ಜೇಬುಗಡಿಯಾರಗಳನ್ನು ಪರೀಕ್ಷಿಸಿ ಪತ್ರ ಕೊಡತೊಡಗಿತು. ಕೈಗಡಿಯಾರವನ್ನು ಹೆಂಗಸರ ಒಡವೆ ಎಂದು ಗಂಡಸರು ನಗುತ್ತಿದ್ದ ಕಾಲದಲ್ಲಿ, 1914ರ ಜುಲೈ 15ರಂದು, ರೋಲೆಕ್ಸ್‌ನ ಒಂದು ಪುಟ್ಟ ಕೈಗಡಿಯಾರ 45 ದಿನಗಳ ಪರೀಕ್ಷೆ ಗೆದ್ದು ಅಲ್ಲಿಂದ 'ಎ' ದರ್ಜೆಯ ಪತ್ರ ಪಡೆಯಿತು. ಜಿನೀವಾ ಪ್ರಾಂತ್ಯದ್ದು ಬೇರೆಯೇ ಬಗೆ. 1886ರ ಕಾನೂನಿನಿಂದ ಬಂದ ಜಿನೀವಾ ಮುದ್ರೆ ನಡೆಗಿಂತ ಹೆಚ್ಚಾಗಿ ಕುಸುರಿಗೆ, ಮತ್ತು ವಾಚು ಆ ಪ್ರಾಂತ್ಯದಲ್ಲೇ ಜೋಡಣೆಯಾಗಿದೆ ಎಂಬುದಕ್ಕೆ. ಒಂದು ನಡತೆ ಪತ್ರ, ಇನ್ನೊಂದು ಕುಲದ ಪತ್ರ ಅನ್ನಬಹುದು. 2011ರಲ್ಲಿ ನಿಯಮ ಪರಿಷ್ಕರಿಸಿದಾಗ ಅದಕ್ಕೂ ನಡೆ ಸೇರಿತು, ಏಳು ದಿನಕ್ಕೆ ಒಂದು ನಿಮಿಷ ಮೀರಬಾರದು ಎಂದು.

'ಕ್ರೋನೋಮೀಟರ್' ಎಂಬ ಪದದ ಕಥೆ ಭಾಷಾಶಾಸ್ತ್ರ ಓದಿದವಳಿಗೆ ಹಬ್ಬ. ಮೊದಲು ಅದು ಹಡಗಿನ ಪೆಟ್ಟಿಗೆಯಲ್ಲಿದ್ದ ಒಂದು ಜಾತಿಯ ಯಂತ್ರದ ಹೆಸರು. ಆಮೇಲೆ ಯಾವುದೇ ಒಳ್ಳೆಯ ವಾಚಿಗೆ ವ್ಯಾಪಾರಿಗಳು ಹಚ್ಚುವ ವಿಶೇಷಣವಾಯಿತು, ನಮ್ಮಲ್ಲಿ 'ಶುದ್ಧ ತುಪ್ಪ' ಎಂದು ಬೋರ್ಡು ಹಾಕುವ ಹಾಗೆ. ಕೊನೆಗೆ, ಪತ್ರವಿಲ್ಲದೆ ಬಳಸುವಂತಿಲ್ಲ ಎಂಬ ಪದವಿಯಾಯಿತು. 1973ರಲ್ಲಿ ಸ್ವಿಟ್ಜರ್ಲೆಂಡಿನ ಐದು ಪ್ರಾಂತ್ಯಗಳೂ ಗಡಿಯಾರ ಉದ್ಯಮದ ಒಕ್ಕೂಟವೂ ಸೇರಿ ಕಾಸ್ಕ್ ಸಂಸ್ಥೆಯನ್ನು ಕಟ್ಟಿದವು. 1976ರಲ್ಲಿ ಪರೀಕ್ಷೆಯ ಅಂತರರಾಷ್ಟ್ರೀಯ ಮಾನಕ ಬಂತು. ಅದರ ಸಂಖ್ಯೆ 3159.

ಪರೀಕ್ಷೆ ಹೇಗೆಂದರೆ, ವಾಚಿನ ಯಂತ್ರವನ್ನು ಕವಚವಿಲ್ಲದೆ, ಬರಿಮೈಯಲ್ಲಿ, ಹದಿನೈದು ದಿನ ಇಟ್ಟುಕೊಳ್ಳುತ್ತಾರೆ. ಮುಖ ಮೇಲೆ ಮಾಡಿ, ಬೋರಲು ಹಾಕಿ, ಕೀ ಎಡಕ್ಕೆ, ಮೇಲಕ್ಕೆ, ಕೆಳಕ್ಕೆ ಬರುವಂತೆ ನಿಲ್ಲಿಸಿ, ಹೀಗೆ ಐದು ಭಂಗಿ. 8, 23, 38 ಡಿಗ್ರಿ ಸೆಲ್ಸಿಯಸ್, ಮೂರು ತಾಪಮಾನ. ಭಂಗಿ ಬದಲಾದರೆ ಗುರುತ್ವ ಬ್ಯಾಲೆನ್ಸ್ ಚಕ್ರವನ್ನು ಬೇರೆ ರೀತಿ ಎಳೆಯುತ್ತದೆ. ಶಾಖ ಬದಲಾದರೆ ಹೇರ್‌ಸ್ಪ್ರಿಂಗ್ ಸೋಲುತ್ತದೆ ಇಲ್ಲವೆ ಬಿಗಿಯುತ್ತದೆ. ದೊಡ್ಡ ಯಂತ್ರದ ಸರಾಸರಿ ನಡೆ ದಿನಕ್ಕೆ 4 ಸೆಕೆಂಡು ಹಿಂದಿನಿಂದ 6 ಸೆಕೆಂಡು ಮುಂದಿನವರೆಗೆ ಇರಬಹುದು. ಅದಕ್ಕಿಂತ ಕಠಿಣವಾದ ಷರತ್ತು, ದಿನದಿಂದ ದಿನಕ್ಕೆ ನಡೆಯಲ್ಲಾಗುವ ಏರುಪೇರು ಸರಾಸರಿ 2 ಸೆಕೆಂಡು ಮೀರಬಾರದು. ಅದೇ ಹಡಗಿನ ತರ್ಕ. ನಾಲ್ಕು ಸೆಕೆಂಡು ಹಿಂದಿರುವ ವಾಚಿಗಿಂತ ಆರು ಸೆಕೆಂಡು ಮುಂದಿರುವ ವಾಚಿಗೆ ಹೆಚ್ಚು ಔದಾರ್ಯ ಏಕೆ ಎಂದು ಡೊಂಬಿವಲಿಯ ಯಾರನ್ನು ಕೇಳಿದರೂ ಹೇಳುತ್ತಾರೆ: ಮುಂದಿರುವ ವಾಚಿನವನಿಗೆ ಗಾಡಿ ತಪ್ಪುವುದಿಲ್ಲ.

ಆದರೆ ನೋಡಿ, 38 ಡಿಗ್ರಿ ಎಂದರೆ ಅವರಿಗೆ ಪರೀಕ್ಷೆ, ನಮಗೆ ಏಪ್ರಿಲ್. ಬೆಳಗಿನ ಎಂಟರ ಫಾಸ್ಟ್ ಲೋಕಲಿನ ಬಾಗಿಲಲ್ಲಿ ನಾಲ್ಕು ಜನರ ನಡುವೆ ಸಿಕ್ಕಿ, ಮೇಲಿನ ಹಿಡಿಕೆಗೆ ಜೋತುಬಿದ್ದ ಕೈಯ ಭಂಗಿ ಆ ಐದರಲ್ಲಿ ಇಲ್ಲ.

ಬರೆಯುವವರು ಯಾರು ಎಂಬ ಪ್ರಶ್ನೆ ಇನ್ನೊಮ್ಮೆ ಜೋರಾಗಿ ಎದ್ದದ್ದು 1960ರ ದಶಕದಲ್ಲಿ. ನ್ಯೂಶಾಟೆಲ್ ಮತ್ತು ಜಿನೀವಾ ವೇಧಶಾಲೆಗಳು ವರ್ಷವರ್ಷವೂ ನಿಖರತೆಯ ಸ್ಪರ್ಧೆ ನಡೆಸುತ್ತಿದ್ದವು. 1964ರಲ್ಲಿ ಜಪಾನಿನ ಸೈಕೋ ಮೊದಲ ಸಲ ನ್ಯೂಶಾಟೆಲ್‌ಗೆ ಯಂತ್ರ ಕಳಿಸಿದಾಗ ಬಂದದ್ದು 144ನೆಯ ಸ್ಥಾನ. 1967ರ ಹೊತ್ತಿಗೆ ಅದೇ ಕಂಪನಿಯ ಎರಡು ಕಾರ್ಖಾನೆಗಳು ತಯಾರಕರ ಪಟ್ಟಿಯಲ್ಲಿ ಎರಡನೆಯ, ಮೂರನೆಯ ಸ್ಥಾನಕ್ಕೆ ಬಂದವು. 1968ರಲ್ಲಿ ಜಿನೀವಾದಲ್ಲಿ ಮೊದಲ ಮೂರು ಸ್ಥಾನ ಸ್ವಿಸ್ಸರ ಕ್ವಾರ್ಟ್ಜ್ ಯಂತ್ರಗಳಿಗೆ ಹೋಯಿತು. ನಾಲ್ಕರಿಂದ ಹತ್ತರವರೆಗೆ ಸೈಕೋದ ಮೆಕ್ಯಾನಿಕಲ್ ಯಂತ್ರಗಳು. ಅದಾದ ಮೇಲೆ ಆ ಸ್ಪರ್ಧೆಗಳೇ ನಿಂತವು. ಕ್ವಾರ್ಟ್ಜ್ ಬಂದಮೇಲೆ ಅವುಗಳಿಗೆ ಅರ್ಥ ಉಳಿದಿರಲಿಲ್ಲ ಎಂಬುದು ನಿಜ. ಎದುರಾಳಿ ಗೆಲ್ಲುವ ಹೊತ್ತಿಗೇ ಅಂಗಣಕ್ಕೆ ಬೀಗ ಬಿತ್ತು ಎಂಬುದೂ ನಿಜ. ಅಷ್ಟರಲ್ಲಿ ಸೈಕೋ ತನ್ನ ಗ್ರ್ಯಾಂಡ್ ಸೈಕೋ ಮುಖದಿಂದ 'ಕ್ರೋನೋಮೀಟರ್' ಪದವನ್ನು ಸ್ವಿಸ್ಸರ ಆಕ್ಷೇಪಕ್ಕೆ ತೆಗೆದುಹಾಕಿ ತನ್ನದೇ ಮಾನಕ ಮಾಡಿಕೊಂಡಿತ್ತು, 3 ಹಿಂದಿನಿಂದ 5 ಮುಂದಿನವರೆಗೆ. ಪದ ಕಸಿದುಕೊಂಡರೆ ಅಂಕಿಯಲ್ಲಿ ಉತ್ತರ. ಈಗ ಸ್ವಿಸ್ ಕಂಪನಿಗಳೂ ಅದೇ ಹಾದಿಯಲ್ಲಿವೆ. ಪಾಟೆಕ್ ಫಿಲಿಪ್ 2009ರಲ್ಲಿ ಜಿನೀವಾ ಮುದ್ರೆ ಬಿಟ್ಟು ತನ್ನ ಹೆಸರಿನ ಮುದ್ರೆ ತಂದಿತು. ರೋಲೆಕ್ಸ್ ಕಾಸ್ಕ್ ಪತ್ರದ ಮೇಲೆ ತನ್ನದೇ ಎರಡು ಸೆಕೆಂಡಿನ ಪರೀಕ್ಷೆ ಸೇರಿಸಿತು. ಮಗನಿಗೆ ಅಪ್ಪನೇ ನಡತೆ ಪತ್ರ ಬರೆದ ಹಾಗೆ ಎಂದು ನನಗೆ ಅನಿಸುತ್ತದೆ. ಅಪ್ಪ ಕಟ್ಟುನಿಟ್ಟಿನವನೇ ಇರಬಹುದು, ಆದರೂ.

ಇದೇ ದಶಕದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಇನ್ನೊಂದು ಜಪಾನಿ ಕಂಪನಿ ಪಾಠ ಹೇಳುತ್ತಿತ್ತು. ಸಿಟಿಜನ್ ಜೊತೆಗಿನ ಒಪ್ಪಂದದಿಂದ ಎಚ್‌ಎಂಟಿ 1961ರಲ್ಲಿ ವಾಚು ತಯಾರಿಕೆ ಶುರುಮಾಡಿತು. ಮರುವರ್ಷ ಸಿಟಿಜನ್ ತನ್ನ ದೇಶದಲ್ಲಿ 'ಸಿಟಿಜನ್ ಕ್ರೋನೋಮೀಟರ್' ಎಂಬ ದುಬಾರಿ ವಾಚು ಬಿಡುಗಡೆ ಮಾಡಿತು. ಗುರುವಿನ ಮನೆಯಲ್ಲಿ ಕ್ರೋನೋಮೀಟರ್, ಶಿಷ್ಯನ ಮನೆಯಲ್ಲಿ ಜನತಾ. ಇದರಲ್ಲಿ ಅವಮಾನವೇನೂ ಇಲ್ಲ. ನಮ್ಮ ಅಗತ್ಯ ಬೇರೆಯಿತ್ತು. ಆಮದಿಗೆ ನಿರ್ಬಂಧ, ಸ್ವಿಸ್ ವಾಚು ಬೇಕೆಂದರೆ ಕಳ್ಳಸಾಗಣೆ. ಹದಿನೇಳು ಜ್ಯುವೆಲ್, ಪ್ಯಾರಾ ಶಾಕ್, ದಿನಾ ಕೀ ಕೊಡಬೇಕಾದ ಆ ವಾಚು ಗುಮಾಸ್ತರ, ಮೇಷ್ಟ್ರುಗಳ ಕೈಗೆ ಬಂತು. ಯಾವ ವೇಧಶಾಲೆಯ ಪತ್ರವೂ ಅದಕ್ಕಿರಲಿಲ್ಲ. ಮುಖದ ಮೇಲಿನ ಆ ಮೂರು ಅಕ್ಷರವೇ ಪತ್ರ. ಬರೆದುಕೊಟ್ಟವರು ಭಾರತ ಸರ್ಕಾರ. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚ್ಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಪತ್ರ ಕೊಟ್ಟವರೇ ಅಂಗಡಿ ಮುಚ್ಚಿದ ಮೇಲೆ ಅದರ ಬೆಲೆ ಏರಿತು. ಹಳೆಯ ಜನತಾ, ಪೈಲಟ್, ಕಾಂಚನ್ ಹುಡುಕುವವರು ಹುಟ್ಟಿಕೊಂಡರು.

ನಾನೂ ಅವರಲ್ಲೊಬ್ಬಳು. ನಮ್ಮ ಅಪ್ಪಯ್ಯ ಉಡುಪಿ ಕಡೆಯಿಂದ ಬಂದು ಫೋರ್ಟ್‌ನ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದವರು. ಮೊದಲ ಸಂಬಳದಲ್ಲಿ ಕೊಂಡ ಅವರ ಜನತಾ 1993ರಲ್ಲಿ ಕುರ್ಲಾ ಮತ್ತು ಸಾಯನ್ ನಡುವೆ, ಗಾಡಿಯ ನೂಕುನುಗ್ಗಲಿನಲ್ಲಿ ಪಟ್ಟಿ ಕಿತ್ತು, ಹಳಿಗಳ ಮೇಲೆ ಬಿದ್ದುಹೋಯಿತು. ಅವರಿಗೆ ಎಪ್ಪತ್ತು ತುಂಬಿದಾಗ ಆನ್‌ಲೈನಿನಲ್ಲಿ ಒಂದು ಜನತಾ ತರಿಸಿದೆ. ಮಿರಮಿರ ಮಿಂಚುವ ಗಿಳಿಹಸಿರು ಮುಖ. ಡಬ್ಬಿಯಲ್ಲಿ ಲ್ಯಾಮಿನೇಟ್ ಮಾಡಿದ ಕಾರ್ಡು, ಚಿನ್ನದ ಬಣ್ಣದ ದುಂಡು ಮುದ್ರೆ, 'ಅಸಲಿತನದ ಪ್ರಮಾಣಪತ್ರ'. ಸಹಿ ಇರಲಿಲ್ಲ. ಯಾರು ಪ್ರಮಾಣ ಮಾಡುತ್ತಿದ್ದಾರೆ ಎಂದೂ ಇರಲಿಲ್ಲ.

ಅಪ್ಪಯ್ಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಇದರ ಮುಖ ಹೊಸತು ಮಾರಾಯ್ತಿ," ಅಂದರು. "ಒಳಗೆ ಎಂತ ಉಂಟೋ ನೋಡ್ಬೇಕು." ಆಗ ನನ್ನ ಕಣ್ಣಿಗೂ ಬಿತ್ತು: ಪ್ಯಾರಾ ಶಾಕ್ ಎಂಬಲ್ಲಿ ಒಂದು ಅಕ್ಷರವೇ ಇಲ್ಲ. ಕರಡು ತಿದ್ದಿ ಹೊಟ್ಟೆಹೊರೆಯುವವಳಿಗೆ ಇದಕ್ಕಿಂತ ನಾಚಿಕೆ ಬೇಕೆ?

ಇಂಥ ವಾಚಿಗೆ ಜಗತ್ತಿನ ಸಂಗ್ರಾಹಕರು ಇಟ್ಟ ಹೆಸರು 'ಮುಂಬೈ ಸ್ಪೆಷಲ್'. ಇದಕ್ಕೂ ಇತಿಹಾಸವಿದೆ. ಫಾವ್ರ್-ಲೂಬಾ 1865ರಲ್ಲೇ ಭಾರತದ ವ್ಯಾಪಾರಕ್ಕಿಳಿದಿತ್ತು. ವೆಸ್ಟ್ ಎಂಡ್ ವಾಚ್ ಕಂಪನಿ 1886ರಲ್ಲಿ ಮುಂಬಯಿಯಲ್ಲೇ ಅಂಗಡಿ ತೆರೆದದ್ದು. ನೂರು ವರ್ಷಗಳ ಸ್ವಿಸ್ ವಾಚುಗಳು, ಮೇಲೆ ಎಚ್‌ಎಂಟಿಯ ರಾಶಿ. ಆಮದು ನಿಂತ ಕಾಲದಲ್ಲಿ ಬಿಡಿಭಾಗ ಸಿಗದೆ, ನಾಲ್ಕು ಸತ್ತ ವಾಚಿನಿಂದ ಒಂದು ಬದುಕಿದ ವಾಚು ಮಾಡುವುದನ್ನು ಇಲ್ಲಿನ ರಿಪೇರಿಯವರು ಕಲಿತರು. ಮಾಸಿದ ಡಯಲ್ ಕೆರೆದು ಮತ್ತೆ ಅಚ್ಚು ಹಾಕುವುದನ್ನೂ. ಆ ಕೈಚಳಕವನ್ನು ಮೋಸ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ಎಲ್ಲ ವಸ್ತುವೂ ಹಾಗೇ ಬದುಕಿದ್ದು. ಮೋಸ ಇರುವುದು ಆ ಕಾರ್ಡಿನಲ್ಲಿ. ಅಂದಹಾಗೆ, 2021ರಲ್ಲಿ ಚಿನ್ನಾಭರಣಕ್ಕೆ ಹಾಲ್‌ಮಾರ್ಕ್ ಕಡ್ಡಾಯವಾದಾಗ ವಾಚುಗಳಿಗೆ ವಿನಾಯಿತಿ ಕೊಟ್ಟರು. ಉಂಗುರದ ಚಿನ್ನಕ್ಕೆ ಸರ್ಕಾರ ಸಾಕ್ಷಿ, ವಾಚಿನ ಚಿನ್ನಕ್ಕೆ ಅಂಗಡಿಯವನ ಮಾತೇ ಸಾಕ್ಷಿ.

ಕಲ್ಯಾಣ ಸ್ಟೇಷನ್ನಿನ ಪಶ್ಚಿಮಕ್ಕೆ, ಒಬ್ಬರೇ ಕೂರುವಷ್ಟು ಅಗಲದ ಅಂಗಡಿಯಲ್ಲಿ ಒಬ್ಬ ಹಿರಿಯ ಘಡ್ಯಾಳಜಿ ಇದ್ದಾರೆ. ಅಪ್ಪಯ್ಯನೂ ನಾನೂ ಹೋದೆವು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದರು. ಮುಖದ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಚ್ಚಳದ ಒಳಮೈಯನ್ನು ನಮ್ಮ ಕಡೆ ಓರೆ ಮಾಡಿ ತೋರಿಸಿದರು. ಸೂಜಿಯಿಂದ ಗೀಚಿದ ಸಣ್ಣ ಗುರುತುಗಳು: 3–84. ಅದರ ಕೆಳಗೆ 11–89. ಬೇರೆ ಕೈಬರಹದಲ್ಲಿ ಇನ್ನೊಂದು, ವರ್ಷ ಅಳಿಸಿದೆ. ವಾಚು ಬಿಚ್ಚಿ ಎಣ್ಣೆ ಹಾಕಿದವರು ತಮ್ಮ ನೆನಪಿಗೆ ಹೀಗೆ ಗೀಚಿಡುವುದು ಲೋಕದ ಎಲ್ಲೆಡೆ ರೂಢಿ. ಗಿರಾಕಿಗೆ ಕಾಣಲೆಂದು ಬರೆದದ್ದಲ್ಲ. ಮುಂದೆ ಬಿಚ್ಚುವ ಇನ್ನೊಬ್ಬ ಕಸುಬುದಾರನಿಗೆ ಬರೆದದ್ದು. ಯಂತ್ರ ಅಸಲಿ ಜನತಾದ್ದೇ, ಮೇನ್‌ಸ್ಪ್ರಿಂಗ್ ಮಾತ್ರ ಬದಲಾಗಿದೆ ಎಂದರು. ಎಲ್ಲೋ ಯಾರದೋ ಮಣಿಕಟ್ಟಿನಲ್ಲಿ ನಡೆದ ವಾಚು ಅದು. ಎಷ್ಟು ನಡೆಯಿತು ಎಂಬುದಕ್ಕೆ ಆ ಮೂರು ಗೀರುಗಳು.

ಒಂದು ವಾರದ ನಂತರ ಹೋದಾಗ ವಾಚನ್ನು ಪುಟ್ಟ ಯಂತ್ರದ ಮೈಕಿನ ಮೇಲಿಟ್ಟು ಅದರ ಟಿಕ್‌ಟಿಕ್ ಕೇಳಿಸಿದರು. ಪರದೆಯ ಮೇಲೆ ಅಂಕಿ ಬಂತು: ಮುಖ ಮೇಲಾಗಿಟ್ಟರೆ ದಿನಕ್ಕೆ 8 ಸೆಕೆಂಡು ಮುಂದೆ, ಕೀ ಕೆಳಗಾಗಿ ನಿಲ್ಲಿಸಿದರೆ 15 ಹಿಂದೆ. ಕಾಸ್ಕ್‌ನವರು ಬಾಗಿಲಲ್ಲೇ ತಡೆಯುತ್ತಿದ್ದರು. "ರಾತ್ರಿ ಮಲಗಿಸಿಡಿ, ಹಗಲು ಕಟ್ಟಿಕೊಳ್ಳಿ, ಸರಿದೂಗುತ್ತದೆ," ಎಂದು ಮರಾಠಿಯಲ್ಲಿ ಹೇಳಿ, ಮುಚ್ಚಳದೊಳಗೆ ಸೂಜಿಯಿಂದ ತಮ್ಮ ಗುರುತು ಹಾಕಿದರು. ಮುನ್ನೂರೈವತ್ತು ರೂಪಾಯಿ.

ಕೈಪಿಡಿಯಲ್ಲಿ ನಾನು 'ದಿನದ ನಡೆ' ಎಂದು ಬರೆದು ಕಳಿಸಿದೆ. ಏಜೆನ್ಸಿಯ ಪರಿಶೀಲಕರು ಅದನ್ನು 'ದೈನಂದಿನ ದರ' ಎಂದು ತಿದ್ದಿದರು. ಚಿನ್ನದ ಮುದ್ರೆಯ ಕಾರ್ಡು ಈಗ ನನ್ನ ನಿಘಂಟಿನಲ್ಲಿ ಪುಟ ಗುರುತಿಗಿದೆ.

ಅಪ್ಪಯ್ಯ ಅಂಗಡಿಯ ಮೆಟ್ಟಿಲಲ್ಲೇ ವಾಚು ಕಟ್ಟಿಕೊಂಡರು. ಸ್ಟೇಷನ್ನಿನ ಗಡಿಯಾರ ನೋಡಿ ಮುಳ್ಳು ಹೊಂದಿಸಿದರು, ಆಮೇಲೆ ಮತ್ತೆ ಕೀ ಎಳೆದು ನಾಲ್ಕು ನಿಮಿಷ ಮುಂದಕ್ಕೆ ತಿರುಗಿಸಿದರು. ಮೊದಲಿನ ಜನತಾವನ್ನೂ ಹಾಗೇ ಇಡುತ್ತಿದ್ದರು, 7.58ರ ಫಾಸ್ಟ್ ಹಿಡಿಯಲಿಕ್ಕೆ. ಅವರು ನಿವೃತ್ತರಾಗಿ ಹತ್ತು ವರ್ಷವಾಯಿತು.